ಬೆನ್ನಿನ ಪರಿಚಯ

ಹಲ್ಲಿನ ಡಾಕ್ಟರು ಹೊರಕೋಣೆಗೆ ಒಂದು ಸ್ಪೀಕರು ತಂದಿಟ್ಟದ್ದೇ ಎಲ್ಲಕ್ಕೂ ಮೂಲ. ಒಳಗಿನ ಡ್ರಿಲ್ಲಿನ ಕೊರೆತ ಕೇಳಿ, ಕಾಯುತ್ತ ಕೂತವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. “ಏನಾದ್ರೂ ಹಿತವಾದದ್ದು ಹಾಕಿ ಕೂರಿಸ್ಕೊಳ್ಳಪ್ಪಾ” ಎಂದು ಡಾಕ್ಟರು ಆ ಕೆಲಸವನ್ನು ವಹಿಸಿದ್ದು ತಮ್ಮ ಸಹಾಯಕನಿಗೆ.

ಈ ಸಹಾಯಕನನ್ನು ಬೀದಿಯವರೆಲ್ಲ ‘ಹಿನ್ನೆಲೆ’ ಎಂದೇ ಕರೆಯುತ್ತಿದ್ದರು. ಸಿನಿಮಾಕ್ಕೆ ಹೋದಾಗ ಉಳಿದವರು ನಾಯಕಿಯ ಮುಖ ನೋಡುತ್ತಿದ್ದರೆ ಇವನು ಕಣ್ಣು ಮುಚ್ಚಿ ಹಿನ್ನೆಲೆ ಸಂಗೀತ ಕೇಳುವವನು. ಹಾಡುಗಳೆಂದರೆ ಅಷ್ಟಕ್ಕಷ್ಟೆ. “ಹಾಡು ಯಾರ್ ಬೇಕಾದ್ರೂ ಕೇಳ್ತಾರೆ. ಬಾಗಿಲು ತೆರೆಯೋವಾಗ ಬರೋ ಸಂಗೀತ ಕೇಳೋಕೆ ಕಿವಿ ಬೇಕು” ಎನ್ನುತ್ತಿದ್ದ. ಅವನ ಪಾಲಿನ ದೇವರೆಂದರೆ ಒಬ್ಬ ಹಳೆಯ ಸಂಗೀತ ನಿರ್ದೇಶಕರು. ಅವರು ಹಡಗು ಮುಳುಗುವ ಚಿತ್ರವೊಂದಕ್ಕೆ ಕಟ್ಟಿದ್ದ ಸಂಗೀತದ ರೆಕಾರ್ಡು ಇವನ ತಲೆದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಕೊನೆಯ ದೃಶ್ಯದಲ್ಲಿ ಹಡಗು ಮುಳುಗುತ್ತದೆ, ವಾದ್ಯಗಳೆಲ್ಲ ನಿಲ್ಲುತ್ತವೆ. ಮೌನ. ಎಷ್ಟೋ ಹೊತ್ತಾದ ಮೇಲೆ ಒಂದೇ ಒಂದು ವಯಲಿನ್ನು ಮೆಲ್ಲಗೆ ಏಳುತ್ತದೆ. ಆ ಮೌನ ಬಂದಾಗಲೆಲ್ಲ ಹಿನ್ನೆಲೆ ಅತ್ತಿದ್ದಾನೆ.

ಮೇಲಿನ ಮನೆಯಲ್ಲಿದ್ದ ಅವನ ಅಕ್ಕನ ಗಂಡ ಅದೇ ಚಿತ್ರ ನೋಡಿ ಬಂದು, “ಸಂಗೀತಾನಾ? ಇತ್ತಾ ಅದ್ರಲ್ಲಿ?” ಎಂದಿದ್ದರು. ಅಂದಿನಿಂದ ಭಾವನಿಗೂ ಇವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

“ಆ ಮೌನ ಕೂಡ ಗೊತ್ತಾಗ್ಲಿಲ್ವಾ ಭಾವಾ?”

“ಮೌನ ಅಂದ್ರೆ ಏನೂ ಇಲ್ಲ ಅಂತ ತಾನೇ? ಇಲ್ದೇ ಇರೋದು ಹೇಗಯ್ಯಾ ಗೊತ್ತಾಗುತ್ತೆ?”

ಹೀಗಿರುವಾಗ ಒಂದು ಸಂಜೆ ಡಾಕ್ಟರು, “ನಾಳೆ ಬೆಳಿಗ್ಗೆ ನಿನ್ನ ಆ ಸಂಗೀತದವರು ಹಲ್ಲು ತೋರಿಸೋಕೆ ಬರ್ತಾರಂತೆ. ಬಂದ ತಕ್ಷಣ ಒಳಗೆ ಕಳಿಸು” ಎಂದುಬಿಟ್ಟರು. ಹಿನ್ನೆಲೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೇರ ಮೇಲಿನ ಮನೆಗೆ ಓಡಿ, ಭಾವನ ಅಲುಗಾಡುವ ಹಲ್ಲನ್ನು ನಾಳೆಯೇ ತೋರಿಸಬೇಕೆಂದು ದುಂಬಾಲು ಬಿದ್ದ. ದೇವರ ಬಾಯಿಂದಲೇ ಆ ಮೌನದ ಮಹಿಮೆಯನ್ನು ಭಾವನಿಗೆ ಕೇಳಿಸಬೇಕು ಎನ್ನುವುದೇ ಅವನ ಆಸೆ. “ಅವರೇ ಹೇಳಿದ್ರೆ ಒಪ್ಕೋತೀನಪ್ಪಾ, ಆಮೇಲೆ ನಿನ್ನ ತಂಟೆಗೇ ಬರಲ್ಲ” ಎಂದರು ಭಾವ.

ತೊಡಕು ಒಂದೇ. ಹಿನ್ನೆಲೆ ತನ್ನ ದೇವರ ಮುಖ ಕಂಡವನಲ್ಲ. ರೆಕಾರ್ಡಿನ ಹೊದಿಕೆಯ ಮೇಲಿದ್ದದ್ದು ಅವರ ಬೆನ್ನು: ಕೋಲೆತ್ತಿ ವಾದ್ಯದವರ ಎದುರು ನಿಂತ ಬೆನ್ನು, ಕತ್ತಿನವರೆಗೆ ಇಳಿದ ಕೂದಲು, ತುಸು ಜೋತ ಎಡಭುಜ.

ಮರುದಿನ ಅವನು ರೆಕಾರ್ಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲು ತೆರೆದ. ಸ್ಪೀಕರಿಗೆ ಮೊದಲೇ ತುಂಬಿಸಿಟ್ಟಿದ್ದ ಹಡಗಿನ ಸಂಗೀತ ಶುರುವಾಯಿತು. ಭಾವ ಬಂದರು. ಛತ್ರಿ ಹಿಡಿದ ಬೋಳುತಲೆಯ ಹಿರಿಯರೊಬ್ಬರು ಬಂದು ಮೂಲೆಯಲ್ಲಿ ಕೂತರು. ಒಳಗೆ ನಿವೃತ್ತ ಟೀಚರಮ್ಮನ ದವಡೆ ಹಲ್ಲಿನ ಕೆಲಸ ನಡೆದಿತ್ತು. ಸ್ಪೀಕರಿನಲ್ಲಿ ಬಿರುಗಾಳಿ ಎದ್ದಂತೆ ಡಾಕ್ಟರ ಡ್ರಿಲ್ಲೂ ಅದರ ತಾಳಕ್ಕೆ ಸಿಕ್ಕಿಕೊಂಡಿತು. ನಗಾರಿ ಗುಡುಗಿದಾಗ ಟೀಚರಮ್ಮ ಎದ್ದು ಕೂತು, “ಡಾಕ್ಟ್ರೇ, ಹಲ್ಲು ಹೋದ್ರೆ ಹೋಗ್ಲಿ, ಜೀವ ಉಳಿಸಿ” ಎಂದರು.

ಮೂಲೆಯ ಹಿರಿಯರೂ ಕೈ ಎತ್ತಿದರು. “ಇದನ್ನ ಸ್ವಲ್ಪ ನಿಲ್ಲಿಸ್ತೀರಾ?”

“ಇದನ್ನಾ? ಯಾರದ್ದು ಅಂತ ಗೊತ್ತೇನ್ರೀ?”

“ಯಾರದ್ದಾದ್ರೇನು, ಹಲ್ಲು ನೋಯ್ತಿದೆ. ಅದೂ ಅಲ್ದೆ ಕೊನೇಲಿ ವಯಲಿನ್ನು ತೀರಾ ತಡವಾಗಿ ಬರುತ್ತೆ. ನಂಗದು ಸಹಿಸೋಕಾಗಲ್ಲ.”

ಹಿನ್ನೆಲೆಯ ಮೈ ಉರಿದುಹೋಯಿತು. “ತಡವಾಗಿ ಬರೋದೇ ಅದರ ಜೀವ ಸ್ವಾಮೀ! ಕಿವಿ ಇಲ್ದವರು ಹೊರಗೆ ಮೆಟ್ಟಿಲ ಮೇಲೆ ಕೂತ್ಕೊಳ್ಳಿ, ಒಳ್ಳೆ ಗಾಳಿ ಬರುತ್ತೆ.”

ಹಿರಿಯರು ಛತ್ರಿ ತೆಗೆದುಕೊಂಡು ಹೊರಟರು. “ನಂಗೂ ಕಿವಿ ಇಲ್ಲ, ನಡೀರಿ” ಎಂದು ಭಾವನೂ ಹಿಂದೆಯೇ ಎದ್ದರು.

ಅದೇ ಹೊತ್ತಿಗೆ ಕತ್ತಿನವರೆಗೆ ಕೂದಲು ಬಿಟ್ಟವರೊಬ್ಬರು ಉದ್ದನೆಯ ಕಪ್ಪು ಪೆಟ್ಟಿಗೆ ಹಿಡಿದು ಒಳಬಂದರು. ಬಂದವರೇ ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ಟಕ್ ಟಕ್ ಬಡಿದು, ಏನನ್ನೋ ಆಲಿಸಿ ತಲೆದೂಗಿದರು. ಹಿನ್ನೆಲೆಯ ಕಣ್ಣು ತುಂಬಿಬಂತು. ಗೋಡೆಯಲ್ಲೂ ನಾದ ಹುಡುಕುವವರು ಬೇರೆ ಯಾರಿರುತ್ತಾರೆ?

“ನಾನು ಬಂದಿದ್ದು...” ಎಂದು ಅವರು ಶುರುಮಾಡಿದರು.

“ಒಂದು ಮಾತೂ ಬೇಡ. ನಂಗೆಲ್ಲಾ ಗೊತ್ತು” ಎಂದು ಹಿನ್ನೆಲೆ ಅವರ ತೋಳು ಹಿಡಿದು ಒಳಗೆ ಕರೆದೊಯ್ದ. ಟೀಚರಮ್ಮ ಆಗಲೇ ಹಿಂಬಾಗಿಲಿನಿಂದ ಪಾರಾಗಿದ್ದರು. “ಬಂದ್ರು ಸರ್!” ಎಂದು ಅತಿಥಿಯನ್ನು ಕುರ್ಚಿಯಲ್ಲಿ ಮಲಗಿಸಿದ. ಡಾಕ್ಟರು ಮುಖ ನೋಡುವವರಲ್ಲ. ಸೂಜಿ ಸಿದ್ಧವಾಗಿತ್ತು, ಬಾಯಿ ತೆರೆಸಿ ನೋಯುವ ಕಡೆ ಕೇಳಿ ಚುಚ್ಚಿಯೇಬಿಟ್ಟರು.

ಮರಗಟ್ಟುವವರೆಗೆ ಡಾಕ್ಟರು ಕೈತೊಳೆಯಲು ಹೋದರು. ಹಿನ್ನೆಲೆ ಬಗ್ಗಿ, “ಗುರುಗಳೇ, ಆ ಮೌನ ನಿಮಗೆ ಎಲ್ಲಿಂದ ಹೊಳೀತು?” ಎಂದು ಕೇಳಿದ. ಅತಿಥಿ ಮರಗಟ್ಟಿದ ನಾಲಗೆಯಲ್ಲಿ “ಆ... ಗ್ಗ... ಅಲ್ಲಿ” ಎನ್ನುತ್ತ ಮೂಲೆಯ ಬೇಸಿನ್ನಿನ ಕಡೆ ಬೆರಳು ತೋರಿಸಿದರು. ಅಲ್ಲಿ ನಲ್ಲಿ ಸೋರುತ್ತಿತ್ತು. ಒಂದು ಹನಿ ಬಿತ್ತು. ಬಹಳ ಹೊತ್ತಿನ ಮೇಲೆ ಇನ್ನೊಂದು ಬಿತ್ತು.

“ಹನಿ! ಎರಡು ಹನಿಗಳ ನಡುವಿನ ಮೌನ!” ಹಿನ್ನೆಲೆ ಕುರ್ಚಿಯ ಕೈ ಹಿಡಿದು ಗಳಗಳನೆ ಅತ್ತ.

ಡಾಕ್ಟರು ಬಂದು ಕನ್ನಡಿ ಹಿಡಿದು ಈ ಸಲ ಸರಿಯಾಗಿ ಬಾಯೊಳಗೆ ಇಣುಕಿದರು. ಸರಕ್ಕನೆ ಹಿಂದೆ ಸರಿದರು. “ಲೇ, ಇದು ಅವರ ಹಲ್ಲಲ್ಲ ಕಣೋ! ನೀನು ಕೆಲಸಕ್ಕೆ ಸೇರೋ ಮುಂಚೆ ಅವರ ಮೇಲಿನ ಕೋರೆಹಲ್ಲಿಗೆ ನಾನೇ ಟೊಪ್ಪಿಗೆ ಹಾಕಿದ್ದೀನಿ. ಇವರು ಯಾರು?”

ಅತಿಥಿ ಕಪ್ಪು ಪೆಟ್ಟಿಗೆ ತೆರೆದರು. ಒಳಗೆ ಸ್ಪ್ಯಾನರು, ಪೈಪು, ನಲ್ಲಿಯ ವಾಷರು. “ನಲ್ಲಿ ರಿಪೇರಿಗೆ ಬಂದೆ ಸಾರ್” ಎಂದು ಅರ್ಧ ಬಾಯಿಯಲ್ಲೇ ತೊದಲಿದರು. “ಹಲ್ಲೂ ನೋಯ್ತಿತ್ತು. ಮೊದಲು ಅದನ್ನ ನೋಡ್ತಾರೇನೋ ಅಂತ ಸುಮ್ನಿದ್ದೆ.”

ಹಿನ್ನೆಲೆ ಹೊರಕೋಣೆಗೆ ಓಡಿದ. ಖಾಲಿ. ಬೀದಿ ಬಾಗಿಲು ತೆರೆದ. ಮೆಟ್ಟಿಲ ಮೇಲೆ ಎರಡು ಬೆನ್ನುಗಳು ಅಕ್ಕಪಕ್ಕ ಕೂತು ಹರಟುತ್ತಿದ್ದವು. ಒಂದು ಭಾವನದು. ಇನ್ನೊಂದರ ಎಡಭುಜ ತುಸು ಜೋತಿತ್ತು. ಕೂದಲು ಉದುರಿದೆ ಎನ್ನುವುದನ್ನು ಬಿಟ್ಟರೆ ಕಂಕುಳಲ್ಲಿದ್ದ ರೆಕಾರ್ಡಿನ ಅದೇ ಬೆನ್ನು.

“ಗುರುಗಳೇ... ತಪ್ಪಾಯ್ತು. ನೀವು ಅಂತ ಗೊತ್ತಾಗ್ಲಿಲ್ಲ” ಎಂದು ಕಾಲ ಬಳಿಯ ಮೆಟ್ಟಿಲಲ್ಲಿ ಕುಸಿದ.

“ಪರವಾಗಿಲ್ಲ ಬಿಡಪ್ಪಾ, ಗಾಳಿ ನಿಜವಾಗ್ಲೂ ಚೆನ್ನಾಗಿದೆ” ಎಂದರು ಹಿರಿಯರು.

ಭಾವ ಪಕ್ಕದಲ್ಲೇ ಇದ್ದಾರೆ. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. “ಆ ಕೊನೆಯ ಮೌನ ಯಾಕೆ ಇಟ್ರಿ, ಇವರಿಗೊಂದು ಮಾತು ಹೇಳಿಬಿಡಿ.”

“ನಾನೆಲ್ಲಿ ಇಟ್ಟೆ? ವಯಲಿನ್ನಿನವನು ನಿದ್ದೆ ಹೋಗಿದ್ದ. ಪಕ್ಕದವನು ಮೊಣಕೈಯಲ್ಲಿ ತಿವಿದ ಮೇಲೆ ಎದ್ದು ನುಡಿಸಿದ. ಮತ್ತೆ ರೆಕಾರ್ಡ್ ಮಾಡೋಕೆ ಪುರುಸೊತ್ತಿರಲಿಲ್ಲ. ಇವತ್ತಿಗೂ ಅದು ಕೇಳಿದ್ರೆ ಹಲ್ಲು ಜುಂ ಅನ್ನುತ್ತೆ.”

ಭಾವ ತುಸು ಸರಿದು ಹಿನ್ನೆಲೆಗೆ ಕೂರಲು ಜಾಗ ಮಾಡಿಕೊಟ್ಟರು. ಗೇಲಿ ಮಾಡಿದ್ದರೂ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

“ನಾನು ಅದನ್ನ ಕೇಳಿ ಎಷ್ಟು ಸಲ ಅತ್ತಿದ್ದೀನಿ ಗೊತ್ತಾ?” ಎಂದ, ದನಿ ಸಣ್ಣದಾಗಿತ್ತು.

“ಅದೇ ನನ್ನ ಸೋಲು ನೋಡು” ಎಂದು ಹಿರಿಯರು ಅವನ ಹೆಗಲ ಮೇಲೆ ಕೈಯಿಟ್ಟರು. “ಹಿನ್ನೆಲೆ ಸಂಗೀತ ಇತ್ತು ಅಂತಲೇ ಯಾರಿಗೂ ಗೊತ್ತಾಗಬಾರದು. ಜನ ಹಡಗಿಗೆ ಅಳಬೇಕು, ವಯಲಿನ್ನಿಗಲ್ಲ. ನಿನ್ನ ಭಾವ ಹಡಗಿಗೆ ಅತ್ತರಂತೆ. ಸಂಗೀತ ಇದ್ದದ್ದೇ ಗೊತ್ತಿಲ್ವಂತೆ. ಇಂಥವರನ್ನ ಜೀವಮಾನವೆಲ್ಲ ಹುಡುಕ್ತಿದ್ದೆ ಕಣಯ್ಯಾ!”

ಹಿನ್ನೆಲೆ ಭಾವನ ಕಡೆ ನೋಡಿದ. ಅತ್ತ ವಿಷಯವನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಛತ್ರಿಯ ಹಿಡಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಉಳಿದದ್ದೊಂದೇ ಆಸೆ. ಹಿನ್ನೆಲೆ ರೆಕಾರ್ಡನ್ನೂ ಪೆನ್ನನ್ನೂ ಚಾಚಿದ. ಹಿರಿಯರು ಸಂತೋಷದಿಂದ ತೆಗೆದುಕೊಂಡು, ತಮ್ಮದೇ ಬೆನ್ನಿನ ಮೇಲೆ ‘ನನ್ನ ಸಂಗೀತವನ್ನು ಕೇಳಿಸಿಕೊಳ್ಳದವರಿಗೆ, ಪ್ರೀತಿಯಿಂದ’ ಎಂದು ಬರೆದು ಸಹಿ ಹಾಕಿ ಭಾವನ ಕೈಗಿತ್ತರು.

ಹಿರಿಯರ ಹಲ್ಲಿನ ಕೆಲಸ ಮುಗಿಯಲು ಇನ್ನೂ ಕೆಲವು ಸಲ ಬರಬೇಕಾಗಿತ್ತು. ಅವರು ಹಾಕಿದ ಷರತ್ತಿಗೆ ಒಪ್ಪಿ ಡಾಕ್ಟರು ಅಂದೇ ಸ್ಪೀಕರನ್ನು ಕಪಾಟಿಗೆ ಸೇರಿಸಿದರು. ನಲ್ಲಿಯೂ ರಿಪೇರಿಯಾಯಿತು.

ರಾತ್ರಿ ಊಟವಾದ ಮೇಲೆ ಹಿನ್ನೆಲೆ ಮೆಲ್ಲಗೆ ಮೇಲಿನ ಮನೆಯ ಮೆಟ್ಟಿಲು ಹತ್ತಿದ. ರೆಕಾರ್ಡು ಆಗಲೇ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಆ ಮನೆಯಲ್ಲಿ ಅದನ್ನು ನುಡಿಸುವ ಯಂತ್ರವೂ ಇಲ್ಲ.

“ಭಾವಾ, ಒಂದೇ ಒಂದು ಸಲ ಕೇಳಿ ವಾಪಸ್ ಕೊಡ್ತೀನಿ.”

ಭಾವ ಎದ್ದು ರೆಕಾರ್ಡನ್ನು ಇಳಿಸಿ, ಧೂಳೇ ಇಲ್ಲದಿದ್ದರೂ ಒಮ್ಮೆ ಒರೆಸಿ ಅವನ ಕೈಗೆ ಕೊಟ್ಟರು.

“ತಗೊಂಡು ಹೋಗು. ಆದ್ರೆ ಗಮನ ಇಟ್ಟು ಕೇಳ್ಬೇಡ ಕಣಯ್ಯಾ, ಪಾಪ, ಅವರಿಗೆ ಬೇಜಾರಾಗುತ್ತೆ.”