ಪರದೆಯ ಮೇಲೆ ನಿಂತುಹೋದ ಮುತ್ತು

ಎಪ್ಪತ್ತು ದಾಟಿದವನಿಗೆ ಪಾಪನಿವೇದನೆ ಮಾಡುವುದು ಎಷ್ಟು ಕಷ್ಟ ಎಂದು ಚಿಕ್ಕವರಿಗೆ ಗೊತ್ತಿರುವುದಿಲ್ಲ. ಪಾಪ ಮಾಡಲು ಮನಸ್ಸು ಒಪ್ಪಿದರೂ ಮಂಡಿ ಒಪ್ಪುವುದಿಲ್ಲ. ಕ್ರಿಸ್ಮಸ್ಸಿಗೆ ಮುಂಚೆ ಒಮ್ಮೆ, ಈಸ್ಟರಿಗೆ ಮುಂಚೆ ಒಮ್ಮೆ ಇಗರ್ಜಿಯ ಆ ಸಣ್ಣ ಗೂಡಿನ ಮುಂದೆ ಮೊಣಕಾಲೂರಿ, ಜಾಲರಿಯ ಆಚೆ ಕುಳಿತ ಫಾದರಿಗೆ ನಾನು ಹೇಳುತ್ತಿದ್ದುದು ಅದನ್ನೇ: ಸೊಸೆಯ ಮೇಲೆ ಸಿಟ್ಟು ಬಂತು, ಜಪಸರ ಹೇಳುವಾಗ ತೂಕಡಿಸಿದೆ, ಸಕ್ಕರೆ ಕಾಯಿಲೆ ಇದ್ದೂ ಹಲ್ವ ತಿಂದೆ. ಫಾದರೂ ತೂಕಡಿಸುತ್ತಲೇ ಕ್ಷಮಿಸುತ್ತಿದ್ದರು. ಕಳೆದ ಕ್ರಿಸ್ಮಸ್ಸಿನ ಹೊತ್ತಿಗೆ ಮಾತ್ರ ನನ್ನ ಹತ್ತಿರ ಒಳ್ಳೆಯ ಸರಕು ಸೇರಿತ್ತು. ನಾನು ಒಬ್ಬ ಸಿಸ್ಟರಿಗೆ ಸುಳ್ಳು ಹೇಳಿದ್ದೆ.

ಸಂಗತಿ ಮೊಮ್ಮಗಳು ರೆನಿಟಾಳದ್ದು. ಹುಟ್ಟಿದ್ದು, ಓದಿದ್ದು ಎಲ್ಲ ಅಬುಧಾಬಿಯಲ್ಲಿ. ಪ್ರವಾಸೋದ್ಯಮ ಓದಲಿಕ್ಕೆಂದು ಸ್ಪೇನ್ ದೇಶದ ಸಲಮಾಂಕಾ ಎಂಬ ಊರಿಗೆ ಹೋದಳು. ಅವಳು ಹೋದ ಮೇಲೆ ಅಬುಧಾಬಿಯ ಖಲೀಫಾ ಸಿಟಿಯ ನಮ್ಮ ಮನೆಯಲ್ಲಿ ಮಾತು ಎನ್ನುವುದು ನಿಂತೇಹೋಯಿತು. ಮನೆ ಎಂದರೆ ದೊಡ್ಡ ವಿಲ್ಲಾ ಒಂದನ್ನು ಗೋಡೆ ಹಾಕಿ ತುಂಡು ಮಾಡಿದ ಒಂದು ತುಂಡು. ಮಗ ಮೆಲ್ವಿನ್ ಆಫೀಸಿಗೆ, ಸೊಸೆ ಶಾಲೆಟ್ ಆಸ್ಪತ್ರೆಯ ಡ್ಯೂಟಿಗೆ. ನಾನು, ಒಂದು ಕಾಲದಲ್ಲಿ ಇದೇ ಊರಿನ ಹೋಟೆಲೊಂದರಲ್ಲಿ ಬೆಡ್‌ಶೀಟುಗಳ ಮೇಲೆ ಅಧಿಕಾರ ನಡೆಸಿದವನು, ಈಗ ಮಗನ ವೀಸಾದಲ್ಲಿ ಏಸಿಯ ಕೆಳಗೆ ಕುಳಿತು ಮೊಮ್ಮಗಳ ಕರೆಗೆ ಕಾಯುವವನು. ಇಲ್ಲಿ ವಾಟ್ಸಾಪಿನಲ್ಲಿ ಮಾತಾಡಲು ಬಿಡುವುದಿಲ್ಲ, ಸಂದೇಶ ಮಾತ್ರ. ಮಾತಾಡಲು ದುಡ್ಡು ಕಟ್ಟಿ ಬೇರೊಂದು ಆ್ಯಪ್ ಹಾಕಿಸಿಕೊಳ್ಳಬೇಕು. ಅದು ಮನಸ್ಸು ಬಂದಾಗ ಓಡುತ್ತದೆ, ಮನಸ್ಸಿಲ್ಲದಾಗ ನಿಲ್ಲುತ್ತದೆ. ನನ್ನ ಪಾಪದಲ್ಲಿ ಈ ಆ್ಯಪ್‌ಗೂ ಒಂದು ಪಾಲಿದೆ.

ಮೊದಮೊದಲು ಅವಳಿಗೆ ಅಲ್ಲಿ ಬಹಳ ಕಷ್ಟವಾಯಿತು. ತರಗತಿಯವರು ಮೊದಲ ಸಲ ರಾತ್ರಿಯೂಟಕ್ಕೆ ಕರೆದಾಗ ನಮ್ಮ ಮನೆಯ ಅಭ್ಯಾಸದಂತೆ ಏಳು ಗಂಟೆಗೇ ಹೋಟೆಲಿಗೆ ಹೋಗಿ ಕುಳಿತಳಂತೆ. ಮಾಣಿ ಇನ್ನೂ ನೆಲ ಒರೆಸುತ್ತಿದ್ದ. ಅವನು ಇವಳ ಕಾಲೆತ್ತಿಸಿ ಕೆಳಗೂ ಒರೆಸಿದನಂತೆ. ಉಳಿದವರು ಬಂದದ್ದು ಹತ್ತಕ್ಕೆ. ಅಷ್ಟರೊಳಗೆ ಇವಳು ಬ್ರೆಡ್ಡು ತಿಂದು ಹೊಟ್ಟೆ ತುಂಬಿಸಿಕೊಂಡಿದ್ದಳು. ಅವರ ಮಾತಿನ ವೇಗಕ್ಕೆ ಬಾಯಿ ಹಾಕಲೂ ಜಾಗವಿರಲಿಲ್ಲ. "ಅಜ್ಜ, ಎಲ್ಲರೂ ನಗುವಾಗ ನಾನೂ ನಗ್ತೇನೆ. ಆದ್ರೆ ಸ್ವಲ್ಪ ಲೇಟ್ ಆಗ್ತದೆ," ಎಂದಿದ್ದಳು. ತಿಂಗಳುಗಟ್ಟಲೆ ಹೀಗೆ ತಡವಾಗಿ ನಕ್ಕು ನಕ್ಕು, ಕೊನೆಗೆ ಅವಳಿಗೂ ಒಂದು ಗುಂಪು ಸಿಕ್ಕಿತು. ಭಾನುವಾರ ಅವಳ ರೂಮಿನಲ್ಲೇ ಎಲ್ಲರೂ ಸೇರಿ ಅಡುಗೆ ಮಾಡಿ ಮಧ್ಯಾಹ್ನ ಮೂರಕ್ಕೆ ಉಣ್ಣುವುದು, ಉಂಡ ಮೇಲೆ ಅದೇ ಮೇಜಿನ ಸುತ್ತ ಸಂಜೆಯವರೆಗೆ ಹರಟುವುದು. ಉಂಡ ಕೂಡಲೇ ಎದ್ದರೆ ಅಲ್ಲಿ ಮರ್ಯಾದೆಯಲ್ಲವಂತೆ. ನಮ್ಮಲ್ಲಿ ಉಂಡ ಮೇಲೂ ಏಳದಿದ್ದರೆ ಶಾಲೆಟ್ ತಟ್ಟೆಯ ಸಮೇತ ನಮ್ಮನ್ನೂ ಎತ್ತುತ್ತಾಳೆ.

ಅಂಥ ಒಂದು ಭಾನುವಾರ ಅವಳು ಫೋನ್ ಹಿಡಿದು ಗೆಳೆಯರನ್ನೆಲ್ಲ ನನಗೆ ತೋರಿಸುತ್ತಿದ್ದಳು. ಬಾಗಿಲು ತೆರೆಯಿತು. ಗಡ್ಡದ ಹುಡುಗನೊಬ್ಬ ಬಂದ. "ಇವ್ನು ಆಲ್ವಾರೊ, ಅಜ್ಜ," ಎಂದಳು. ಆಲ್ವಾರೊ ಬಗ್ಗಿದವನೇ ನನ್ನ ಮೊಮ್ಮಗಳ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಟ್ಟ. ಸರಿಯಾಗಿ ಅಲ್ಲಿಗೆ ಆ್ಯಪ್ ನಿಂತಿತು.

ಮುಂದೆ ಏನಾಯಿತೆಂದು ನನಗೆ ಗೊತ್ತಾಗಲಿಲ್ಲ. ಪರದೆಯ ಮೇಲೆ ಮುತ್ತು ಮಾತ್ರ ಹಾಗೇ ನಿಂತಿತ್ತು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಫೋನನ್ನು ಕಿಟಕಿಯ ಬಳಿ ಹಿಡಿದೆ, ಅಡುಗೆಮನೆಗೆ ಒಯ್ದೆ. ಎಲ್ಲಿಗೆ ಒಯ್ದರೂ ಅವನು ಅವಳ ಕೆನ್ನೆ ಬಿಡಲಿಲ್ಲ.

ಬೇರೆಯವರಾಗಿದ್ದರೆ ಮಗನಿಗೆ ಹೇಳುತ್ತಿದ್ದರೋ ಏನೋ. ನಾವು ಕರಾವಳಿಯ ಕ್ರೈಸ್ತರು ಇಂಥ ಹೊತ್ತಿನಲ್ಲಿ ಮೊದಲು ಹುಡುಕುವುದು ನಮ್ಮೂರಿನವರನ್ನು. ಭೂಮಿಯ ಯಾವ ಮೂಲೆಗೆ ಹೋದರೂ ಅಲ್ಲಿ ನಮ್ಮ ಕಡೆಯ ಒಬ್ಬರು ನರ್ಸೋ, ಅಡುಗೆಯವರೋ, ಸಿಸ್ಟರೋ ಇದ್ದೇ ಇರುತ್ತಾರೆ. ಇಗರ್ಜಿಯ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ರಾತ್ರಿಯ ಜಪಸರ ಮುಗಿಯುವುದರೊಳಗೆ ನಂಬರ್ ಬಂತು: ಶಿರ್ವದ ಕಡೆಯ ಸಿಸ್ಟರ್ ಎಮಿಲ್ಡಾ, ಸಲಮಾಂಕಾದ ಒಂದು ಕಾನ್ವೆಂಟಿನಲ್ಲಿ ಮುದಿ ಸಿಸ್ಟರುಗಳ ಆರೈಕೆಗೆ ಇರುವವರು. ಸಿಸ್ಟರೊಬ್ಬರು ಬಳಿ ಕುಳಿತರೆ ಮುತ್ತು ಕೊಡುವವರು ದೂರ ಇರುತ್ತಾರೆ ಎಂದು ಲೆಕ್ಕ ಹಾಕಿ ಅವರಿಗೆ ಫೋನ್ ಮಾಡಿ, "ಸಿಸ್ಟರ್, ಹುಡುಗಿ ಒಬ್ಬಳೇ ಇದ್ದಾಳೆ. ಉಣ್ಲಿಕ್ಕೆ ಜೊತೆ ಇಲ್ಲ. ಭಾನುವಾರ ಬಂತೆಂದರೆ ಅಳ್ತಾಳೆ," ಎಂದೆ.

ಸಿಸ್ಟರ್ ಒಳ್ಳೆಯವರು. ಮುಂದಿನ ಭಾನುವಾರವೇ ಮೀನಿನ ಸಾರು, ಕುಚ್ಚಲಕ್ಕಿ ಅನ್ನ ಹಿಡಿದು ಹೋಗಿ, ನಿನ್ನ ಅಜ್ಜ ಕಳಿಸಿದ್ದು ಎಂದು ಬಾಗಿಲು ತಟ್ಟಿದರು. ಒಳಗೆ ಮೇಜು ತುಂಬ ಜನ. ಸಿಸ್ಟರ್ ಜಾಗ ಮಾಡಿಕೊಂಡು ಕುಳಿತರು. ಎಲ್ಲರೂ ಕಾಲು ಒಳಗೆಳೆದುಕೊಂಡರು. ಹೇಳುತ್ತಿದ್ದ ಜೋಕು ಅರ್ಧಕ್ಕೇ ನಿಂತಿತು. ಅದರ ಮುಂದಿನ ಭಾನುವಾರವೂ ಸಿಸ್ಟರ್ ಬಂದರು, ಜನ ಅರ್ಧವಾಗಿದ್ದರು. ಮೂರನೆಯದಕ್ಕೆ ಸಿಸ್ಟರ್ ಮತ್ತು ರೆನಿಟಾ ಇಬ್ಬರೇ ಕುಳಿತು ಮೀನಿನ ಸಾರು ಉಂಡರು. ಈಗ ನಾನು ಹೇಳಿದ ಸುಳ್ಳು ನಿಜವಾಗಿತ್ತು. ಹುಡುಗಿ ಒಬ್ಬಳೇ ಆಗಿದ್ದಳು.

ಇದೆಲ್ಲ ನನಗೆ ಗೊತ್ತಾದದ್ದು ಅವಳ ಕರೆ ನಿಂತ ಮೇಲೆ. ಆ್ಯಪ್ ಕೆಟ್ಟಿದೆಯೇನೋ ಎಂದು ಮೆಲ್ವಿನ್‌ಗೆ ಕೊಟ್ಟೆ. "ಸರಿ ಉಂಟಲ್ಲ ಪಪ್ಪಾ," ಎಂದು ಹಿಂದಿರುಗಿಸಿದ. ಆ್ಯಪ್ ಜೀವನದಲ್ಲಿ ಮೊದಲ ಸಲ ಚೆನ್ನಾಗಿ ಓಡುತ್ತಿತ್ತು, ಕರೆ ಮಾತ್ರ ಇರಲಿಲ್ಲ. ಮೂರು ದಿನ ತಡೆದು ಸಿಸ್ಟರಿಗೇ ಫೋನ್ ಮಾಡಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ.

"ನಂಗೆ ಮೊದಲ ದಿನವೇ ಗೊತ್ತಾಯ್ತು ಮಾರಾಯ್ರೆ," ಎಂದರು ಸಿಸ್ಟರ್. "ಅಳುವ ಹುಡುಗಿ ಅಂತ ಹೋದೆ. ಅವಳ ನಗು ಮೆಟ್ಟಿಲಿನ ಬುಡಕ್ಕೇ ಕೇಳ್ತಿತ್ತು."

"ಮತ್ತೆ ಪುನಃ ಯಾಕೆ ಹೋದ್ರಿ ಸಿಸ್ಟರ್?"

"ಇಲ್ಲಿ ಕಾನ್ವೆಂಟಲ್ಲಿ ಕುಚ್ಚಲಕ್ಕಿ ಅನ್ನ ನಾನೊಬ್ಬಳೇ ಕೂತು ಉಂಡ್ರೆ ಗಂಟಲಲ್ಲಿ ಇಳಿಯೂದಿಲ್ಲ. ನಾನಿನ್ನು ಹೋಗೂದಿಲ್ಲ, ನಾನೇ ಅವಳಿಗೆ ಹೇಳ್ತೇನೆ. ನೀವೂ ಹೇಳಿ. ಫಾದರಿಗೆ ಆಮೇಲೆ ಹೇಳಿದ್ರೆ ಸಾಕು."

ಹೇಳಿದೆ. ರೆನಿಟಾ ಪರದೆಯ ಮೇಲೆ ಮುಖವನ್ನು ಅರ್ಧವೇ ತೋರಿಸುತ್ತ ಕೇಳಿಸಿಕೊಂಡಳು.

"ಅದು ಹಲೋ ಅಜ್ಜ! ಇಲ್ಲಿ ಹಲೋ ಅಂದ್ರೆ ಅದೇ. ನೆಟ್ ಕಟ್ಟಾದ ಮೇಲೆ ಅವ್ನು ರೂಮಲ್ಲಿದ್ದ ಎಲ್ಲಾ ಹುಡುಗಿಯರಿಗೂ ಹಾಗೇ ಮಾಡಿದ. ಕೆಳಗಿನ ಮನೆಯ ಮುದುಕಿಗೂ ಮಾಡ್ತಾನೆ."

"ನನಗೆ ಅಷ್ಟು ಕಾಣಲಿಲ್ಲ ಮಗಾ."

"ಕೇಳ್ಬಹುದಿತ್ತಲ್ಲ?"

ನಾನು ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿಕೊಂಡೆ. ಅವಳೇ ಮತ್ತೆ ಕೇಳಿದಳು: "ಅಜ್ಜ, ಅಲ್ಲಿ ನಿಮ್ಮ ಫ್ರೆಂಡ್ಸ್ ಯಾರು?"

ಹೋಟೆಲಿನಲ್ಲಿದ್ದವರೆಲ್ಲ ಊರು ಸೇರಿದ್ದಾರೆ, ಕೆಲವರು ಊರಿಗಿಂತಲೂ ಆಚೆ. ಯೋಚಿಸಿ, "ನಾತೂರ್ ಇದ್ದಾನಲ್ಲ," ಎಂದೆ. ನಾತೂರ್ ಎಂದರೆ ಗೇಟಿನ ಕಾವಲುಗಾರ.

"ಅವ್ನ ಹೆಸ್ರೆಂತ?"

ಗೊತ್ತಿರಲಿಲ್ಲ. ರೆನಿಟಾ ಈಗ ಪೂರ್ತಿ ಮುಖ ತೋರಿಸಿದಳು. "ಖಲಾಸ್, ಆಯ್ತು ಅಜ್ಜ," ಎಂದು ಕರೆ ಮುಗಿಸಿದಳು. ಆ 'ಆಯ್ತು' ಎಂಬುದನ್ನು ನಾನು ಕ್ಷಮೆ ಎಂದೇ ತಿಳಿದೆ.

ಕೆಲವು ವಾರ ಕಳೆದು ಒಂದು ಶುಕ್ರವಾರ, ಇಲ್ಲಿಯ ಅಭ್ಯಾಸದಂತೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಊಟಕ್ಕೆ ಕೂರುವ ಹೊತ್ತಿಗೆ ಬೆಲ್ ಆಯಿತು. ಗೇಟಿನಲ್ಲಿ ನಾತೂರನ ಜೊತೆ ಬಿಳಿಗೂದಲಿನ, ಹೂವಿನ ಅಂಗಿಯ ಹೆಂಗಸು. ಕೈಯಲ್ಲಿ ಬಟ್ಟೆ ಸುತ್ತಿದ ತಟ್ಟೆ. "ಪಿಲಾರ್," ಎಂದು ಎದೆ ಮುಟ್ಟಿಕೊಂಡರು. ಆಮೇಲೆ, "ಆಲ್ವಾರೊ!" ಎಂದು ಮೊಣಕೈ ಬಾಗಿಸಿ ಮಗುವನ್ನು ತೂಗುವಂತೆ ಮಾಡಿ ತೋರಿಸಿದರು. ಅವನ ಅಜ್ಜಿ! ಆಮೇಲೆ ತಿಳಿಯಿತು, ಅವನ ಚಿಕ್ಕಮ್ಮ ನಮ್ಮ ಪಕ್ಕದ ರಸ್ತೆಯಲ್ಲೇ ಇದ್ದಾಳೆ, ಚಳಿಗಾಲ ಕಳೆಯಲು ಇವರು ಮಗಳ ಮನೆಗೆ ಬಂದಿದ್ದಾರೆ. ಪ್ರಪಂಚದಲ್ಲಿ ನಮ್ಮೂರಿನವರು ಮಾತ್ರವೇ ಎಲ್ಲ ಕಡೆ ಇರುವುದು ಎಂದುಕೊಂಡಿದ್ದೆ.

ನಾನು ನಮಸ್ಕಾರಕ್ಕೆ ಕೈ ಎತ್ತುವುದರೊಳಗೆ ಅವರು ಮುಖ ಮುಂದೆ ತಂದಿದ್ದರು. ಯಾವ ಕೆನ್ನೆ ಮೊದಲು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂಗಿಗೆ ಮೂಗು ತಾಗಿತು. ಇಲ್ಲಿನ ಅರಬ್ಬರು ಹಾಗೆ ಮೂಗು ತಾಗಿಸಿ ಕುಶಲ ಕೇಳುವುದುಂಟು, ಗಂಡಸರು ಗಂಡಸರಿಗೆ. ನಾತೂರ್ "ಮಾಶಾ ಅಲ್ಲಾ" ಎಂದು ಆ ಕಡೆ ತಿರುಗಿದ. ಪಿಲಾರ್ ಬಿಡಲಿಲ್ಲ, ನನ್ನ ಮುಖ ಹಿಡಿದು ಸರಿಪಡಿಸಿ ಎರಡು ಕಡೆಯೂ ಮುಗಿಸಿದರು. ಹಿಂದೆ ಬಾಗಿಲಲ್ಲಿ ಶಾಲೆಟ್ ಸೌಟು ಹಿಡಿದು ನಿಂತಿದ್ದಳು. ಆ ಕ್ಷಣದಲ್ಲಿ ಅವಳೂ ಪರದೆಯ ಹಾಗೆ ನಿಂತುಹೋಗಿದ್ದಳು.

ಅವರು ತಂದ ಆಲೂಗಡ್ಡೆ ಆಮ್ಲೆಟ್ ಉಂಡೆವು, ನಮ್ಮ ಕೋಳಿ ಸಾರು ಉಂಡೆವು. ಆಮೇಲೆ ಪಿಲಾರ್ ಏಳಲಿಲ್ಲ. ಶಾಲೆಟ್ ತಟ್ಟೆ ಎತ್ತಿದಳು, ಬಟ್ಟೆ ತಂದು ಮೇಜು ಒರೆಸಿದಳು. ಅವರು ಅಲುಗಲಿಲ್ಲ. ಅವರದು ಸ್ಪ್ಯಾನಿಷ್, ನನ್ನದು ಕನ್ನಡ, ಕೊಂಕಣಿ ಮತ್ತು ಬೆಡ್‌ಶೀಟಿಗೆ ಬೇಕಾಗುವಷ್ಟು ಇಂಗ್ಲಿಷ್. ಆದರೂ ಸಂಜೆಯ ಮಗ್ರಿಬ್ ಬಾಂಗಿನವರೆಗೆ ಮಾತಾಡಿದೆವು. ಅವರು ನಗುವಾಗ ನಾನೂ ನಗುತ್ತಿದ್ದೆ, ಸ್ವಲ್ಪ ಲೇಟಾಗಿ.

ಆ ಭಾನುವಾರ ರೆನಿಟಾಳಿಗೆ ಕರೆ ಮಾಡಿ, "ಅವರಿಗೆ ನೀನು ಎಂತ ಹೇಳಿದ್ದು?" ಎಂದು ಕೇಳಿದೆ. ಹಿಂದೆ ಮೇಜಿನ ಸುತ್ತ ಬಹಳ ಜನರ ಗಲಾಟೆ ಇತ್ತು. ಅದರ ನಡುವೆ ಸಿಸ್ಟರ್ ಎಮಿಲ್ಡಾರ ಧ್ವನಿಯೂ ಕೇಳಿದಂತಾಯಿತು. ರೆನಿಟಾಳೇ ಕರೆದಿದ್ದಳಂತೆ, ಮೀನಿನ ಸಾರಿನ ಸಮೇತ.

"ನೀವು ಸಿಸ್ಟರಿಗೆ ಹೇಳಿದ್ದನ್ನೇ ಹೇಳಿದೆ ಅಜ್ಜ. ಒಬ್ಬರೇ ಇದ್ದಾರೆ, ಉಣ್ಲಿಕ್ಕೆ ಜೊತೆ ಇಲ್ಲ, ಶುಕ್ರವಾರ ಬಂದ್ರೆ ಅಳ್ತಾರೆ."

ಕ್ರಿಸ್ಮಸ್ಸಿಗೆ ಮುಂಚೆ ಗೂಡಿನ ಮುಂದೆ ಮೊಣಕಾಲೂರಿ ಸಿಸ್ಟರಿಗೆ ಹೇಳಿದ ಸುಳ್ಳನ್ನು ಒಪ್ಪಿಕೊಂಡೆ. ಫಾದರ್ ತೂಕಡಿಕೆ ಬಿಟ್ಟು ಪೂರ್ತಿ ಕೇಳಿ, ಪಶ್ಚಾತ್ತಾಪ ಪಡುತ್ತೀರಾ ಎಂದರು. ಪಡುತ್ತೇನೆ ಫಾದರ್ ಎಂದೆ. ಅದು ನಿಜ. ಈಗ ಪಿಲಾರ್ ಊಟಕ್ಕೆ ಬರುವ ಶುಕ್ರವಾರ ಬಂತೆಂದರೆ ನಾನು ಎರಡು ಸಲ ಗಡ್ಡ ಹೆರೆದುಕೊಳ್ಳುತ್ತೇನೆ, ಪೂಜೆಗೆ ಮುಂಚೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ. ಅದರ ಬಗ್ಗೆ ಫಾದರ್ ಕೇಳಲಿಲ್ಲ, ನಾನೂ ಹೇಳಲಿಲ್ಲ.