ಬಾಗೇವಾಡಿಯಲ್ಲಿ ಕಳುವಾದ ಸಂಸಾರ

ನಮ್ಮ ಕಾಕಾ ಜೀವಮಾನದಲ್ಲಿ ಯಾರೊಂದಿಗೂ ಜಗಳವಾಡಿದವನಲ್ಲ. ಈ ಮಾತನ್ನು ನಮ್ಮೂರು ಇಂಡಿಯ ಯಾವ ಓಣಿಯಲ್ಲಿ ನಿಂತು ಬೇಕಾದರೂ ಹೇಳಬಲ್ಲೆ. ಅವನು ಮಾತು ಬಿಡುತ್ತಿದ್ದ, ಅಷ್ಟೇ! ಕೋಟಿನ ಗುಂಡಿ ಒಡೆದನೆಂದು ಇಸ್ತ್ರಿಯವನೊಂದಿಗೆ ಮಾತು ಬಿಟ್ಟ. ಕಾರ್ಡು ಕೊಡುವಾಗ “ಊರಾಗ ಎಲ್ಲಾರೂ ಆರಾಮ ಅದಾರಂತ್ರಿ” ಎಂದು ಒಳಗಿನ ಸುದ್ದಿಯನ್ನು ಮೊದಲೇ ಹೇಳಿದ ತಪ್ಪಿಗೆ ಟಪಾಲಿನವನೊಂದಿಗೆ ಬಿಟ್ಟ. ಒಮ್ಮೆ ಬಿಜಾಪುರದ ಬಜಾರದಲ್ಲಿ ಯಾರೋ ಅವನ ಮೋಟಾರು ನೋಡಿ “ಇದು ಇನ್ನೂ ಓಡತೈತೇನ್ರಿ?” ಎಂದು ಕೇಳಿದರಂತೆ. ಗದ್ದಲದಲ್ಲಿ ಕೇಳಿದವನು ಯಾರೆಂದು ತಿಳಿಯಲಿಲ್ಲ. ಒಬ್ಬನನ್ನು ಹುಡುಕುವುದು ಹೇಗೆ? ಕಾಕಾ ಇಡೀ ಬಿಜಾಪುರದೊಂದಿಗೇ ಮಾತು ಬಿಟ್ಟ!

ಇಂಥವನ ವೃತ್ತಿ ವಕೀಲಿ! ಬೇರೆಯವರ ಸಲುವಾಗಿ ಕೋರ್ಟಿನಲ್ಲಿ ದಿನವಿಡೀ ಮಾತಾಡಿ ದಣಿದು, ತನ್ನ ಸಲುವಾಗಿ ಆಡಬೇಕಾದ ಮಾತನ್ನೆಲ್ಲ ಅವನು ಉಳಿತಾಯ ಮಾಡುತ್ತಿದ್ದನೇನೋ.

ಆದರೆ ಅವನು ಬಿಟ್ಟ ಮಾತುಗಳಲ್ಲೆಲ್ಲ ದೊಡ್ಡದು ಮುದ್ದೇಬಿಹಾಳದ್ದು. ಅಲ್ಲಿ ಅವನ ಹೆಂಡತಿ, ನಮ್ಮ ಕಾಕುವಿನ ತವರುಮನೆ. ಕಾಕುವಿನ ತಮ್ಮ ಅಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ. ಕಾಕುವಿನ ತಂಗಿಯ ಮದುವೆಯ ಪಂಕ್ತಿಯಲ್ಲಿ ಕಾಕಾ ಇನ್ನೊಂದು ಹೋಳಿಗೆ ಬರುತ್ತದೆಂದು ಎಲೆಯ ಮೇಲೆ ಜಾಗ ಮಾಡಿಕೊಂಡು ಕೂತಿದ್ದ. ಆ ಜಾಗಕ್ಕೆ ಮಜ್ಜಿಗೆ ಬಂತು! ಬಡಿಸಿದವನು ಈ ತಮ್ಮನೇ. ಮಜ್ಜಿಗೆ ಬಂತೆಂದರೆ ಅರ್ಥವೇನು? ಊಟ ಮುಗಿಯಿತು, ಏಳು ಎಂದೇ ಅಲ್ಲವೇ? ಮನೆಯ ದೊಡ್ಡ ಅಳಿಯನನ್ನು ಹೀಗೆ ಎಬ್ಬಿಸಬಹುದೇ? ಪಾಪ, ಆ ತಮ್ಮನಿಗೆ ಅಂದು ನೂರೆಂಟು ಕೆಲಸ. ಕೈಗೆ ಸಿಕ್ಕ ಪಾತ್ರೆ ಹಿಡಿದು ಬಡಿಸುತ್ತ ಹೋಗಿದ್ದ. ಕಾಕಾ ಮಾತ್ರ ಕೈತೊಳೆದು ಅಂಗಳಕ್ಕೆ ಬಂದವನು, “ಈ ಮನ್ಯಾಗ ಇನ್ನ ಹನಿ ನೀರ ಸುದ್ದಾ ಮುಟ್ಟಾಂಗಿಲ್ಲ” ಎಂದು ಸಾರಿದ. ಅದಾಗಿ ಏಳು ವರ್ಷ. ಗಂಡ ಬಾರದ ಮನೆಗೆ ಒಬ್ಬಳೇ ಹೇಗೆ ಹೋಗಲಿ ಎಂದು ಕಾಕುವೂ ಏಳು ವರ್ಷ ತವರಿನ ಮುಖ ನೋಡಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ, ನೌಕರಿಯ ಆರ್ಡರಿಗಾಗಿ ಕಾಯುತ್ತ ಕಾಕಾನ ಮನೆಯಲ್ಲಿದ್ದೆ. ಆಗ ಮುದ್ದೇಬಿಹಾಳದಿಂದ ಅರಿಷಿಣ ಹಚ್ಚಿದ ಕಾಗದ ಬಂತು. ತಮ್ಮನ ಮಗಳ ಮದುವೆ. ಕಾಕು ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು, “ಈ ಸಲ ನಾ ಹೋಗಾಕೀನ. ನೀವು ಬರ್ರಿ, ಬಿಡ್ರಿ” ಎಂದಳು. ಆ ಮನೆಯಲ್ಲಿ ಕಾಕು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಾಕಾ ಎರಡು ದಿನ ಯೋಚಿಸಿ ಮೂರನೆಯ ದಿನ ವಾದ ಮಂಡಿಸಿದ: “ಮದುವಿಗೆ ಹೋಗೂದು ಬ್ಯಾರೆ, ಮನಿಗೆ ಹೋಗೂದು ಬ್ಯಾರೆ. ಮದುವಿ ಹುಡುಗೀದು. ಮನಿ ಅವಂದು. ನಾ ಹುಡುಗಿಗೆ ಅಕ್ಕಿಕಾಳು ಹಾಕ್ತೇನಿ. ಅವನ ನೀರ ಕುಡ್ಯಾಂಗಿಲ್ಲ.”

“ಮತ್ತ ಮೂರ ದಿನಾ ಏನ ತಿಂತೀರಿ?”

“ನನ್ನ ಸಂಸಾರ ನಾ ಕಟಗೊಂಡು ಹೊಕ್ಕೇನಿ!”

ಕಟ್ಟಿಕೊಂಡೇ ಹೊರಟ! ಗಾಳಿ ಹೊಡೆಯುವ ಸ್ಟೋವ್, ಅದಕ್ಕೆ ಚಿಮಣಿ ಎಣ್ಣೆ. ಅಕ್ಕಿ, ಬೇಳೆ, ಕಟಕ ರೊಟ್ಟಿ, ಶೇಂಗಾ ಚಟ್ನಿ. ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ಕೊಡದಲ್ಲಿ ನಮ್ಮ ಬಾವಿಯ ನೀರು. ಹಾಸಿಗೆಯ ಸುರುಳಿ. ಅವರ ಚಾಪೆಯ ಮೇಲೆ ಕೂಡಬಾರದಲ್ಲ, ಅದಕ್ಕೊಂದು ಮಡಚುವ ಕುರ್ಚಿ! ಇವೆಲ್ಲದರ ನಡುವೆ ಕಾಕುವಿನ ಸೀರೆಯ ಟ್ರಂಕಿಗೂ ಹೇಗೋ ಜಾಗ ಸಿಕ್ಕಿತು. ಮೋಟಾರಿನ ಹಿಂದಿನ ಮುಚ್ಚಳ ಮುಚ್ಚಲಿಲ್ಲ. ಕಾಕಾ ಅದನ್ನು ಹಗ್ಗದಿಂದ ಬಿಗಿದು, “ಈ ಗಂಟ ಬಿಚ್ಚೂ ಗಂಡಸ ಈ ಜಿಲ್ಲಾದಾಗ ಹುಟ್ಟಿಲ್ಲ” ಎಂದ.

ಬಿಜಾಪುರದ ಮೇಲೆ ಹೋದರೆ ರಸ್ತೆ ನೆಟ್ಟಗಿತ್ತು. ಆದರೆ ಬಿಜಾಪುರದೊಂದಿಗೆ ಮಾತಿಲ್ಲವಲ್ಲ! ಸಿಂದಗಿಯ ಮೇಲೆ ಸುತ್ತಿ ಹೊರಟೆವು. ಸಿಂದಗಿಯಲ್ಲಿ ಕಾಕಾನ ಹಳೆಯ ಕಕ್ಷಿದಾರನೊಬ್ಬ ಓಡಿ ಬಂದು ಚಹಾಕ್ಕೆ ಕರೆದ. ಕಾಕಾ ಒಲ್ಲೆನೆಂದ. ಯಾರ ಹಂಗೂ ಇಲ್ಲದೆ ಬದುಕುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ ಎಂದು ರಸ್ತೆಯ ಬದಿಯಲ್ಲಿ ಸ್ಟೋವ್ ಇಳಿಸಿ ಚಹಾ ಕುದಿಸಲು ಕೂತ. ಸ್ಟೋವಿನ ಭರ್ ಎನ್ನುವ ಸದ್ದಿಗೆ ಜನ ಕೂಡಿತು. ಒಬ್ಬ ಬಹಳ ಗೌರವದಿಂದ, “ಇಲ್ಲೇ ಹಾಟೇಲ ತಗೀತೀರೇನ್ರಿ?” ಎಂದು ಕೇಳಿದ.

ದೇವರ ಹಿಪ್ಪರಗಿಯಲ್ಲಿ ಅಂದು ಸಂತೆ. ಗಾಡಿಗಳ ನಡುವೆ ಮೋಟಾರು ಸಿಕ್ಕಿಕೊಂಡಿತು. ದಾರಿ ಬಿಡುವವರೆಗೆಂದು ಕಾಕಾ ಕುರ್ಚಿ ತೆಗೆಸಿ, ಕರಿಕೋಟು ಹಾಕಿಕೊಂಡು ಬೇಲಿಯ ನೆರಳಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಒಬ್ಬ ಮುದುಕ ಬಂದು ಅವನೆದುರು ಕುಕ್ಕುರುಗಾಲಿನಲ್ಲಿ ಕೂತು, ಬಾಯಿ ಅಗಲವಾಗಿ ತೆಗೆದು, “ಈ ಎಡಗಡೆದು ನೋಡ್ರಿ, ಅಲಗ್ಯಾಡಾಕತ್ತೈತಿ” ಎಂದ. ಹಲ್ಲು ಕೀಳುವವನು ಬಂದಿದ್ದಾನೆಂದು ತಿಳಿದಿದ್ದ! ಕಾಕಾ ಕುರ್ಚಿ ಮಡಚಿದ. ನಾನು ಮತ್ತು ಕಾಕು ಬಾಗೇವಾಡಿ ಬರುವವರೆಗೂ ಸೆರಗು ಬಾಯಿಗಿಟ್ಟುಕೊಂಡೇ ಇದ್ದೆವು.

ಬಸವನ ಬಾಗೇವಾಡಿ ಮುಟ್ಟುವಷ್ಟರಲ್ಲಿ ಎಂಜಿನ್ನಿನಿಂದ ಹೊಗೆ ಏಳತೊಡಗಿತು. ಬಸ್‌ಸ್ಟ್ಯಾಂಡಿನ ಹತ್ತಿರ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದೆವು. ಅದು ಆರುವವರೆಗೆ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬರೋಣವೆಂದು ಕಾಕು ನನ್ನನ್ನು ಕರೆದುಕೊಂಡು ಹೊರಟಳು. ಎಂಜಿನ್ನಿಗೆ ಹಾಕುವ ನೀರಿನ ತಗಡಿನ ಡಬ್ಬಿ ಹಿಡಿದು ಕಾಕಾ ಬಾವಿಯ ಕಡೆ ಹೋದ. ಅಬ್ಬಬ್ಬಾ ಎಂದರೆ ಅರ್ಧ ತಾಸು!

ನಾವು ತಿರುಗಿ ಬಂದಾಗ ಕಾಕಾ ಮೋಟಾರಿನ ಹಿಂದೆ ಕಂಬದಂತೆ ನಿಂತಿದ್ದ. ಮುಚ್ಚಳ ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ಏನೂ ಎಂದರೆ ಏನೂ ಇಲ್ಲ! ಸ್ಟೋವಿಲ್ಲ, ಕೊಡವಿಲ್ಲ, ಕುರ್ಚಿಯಿಲ್ಲ, ಟ್ರಂಕಿಲ್ಲ. ಹಗ್ಗ ಮಾತ್ರ ಇತ್ತು. ಕಳ್ಳ ಅದನ್ನು ಕತ್ತರಿಸಿರಲಿಲ್ಲ. ಗಂಟು ಬಿಚ್ಚಿ, ಅಚ್ಚುಕಟ್ಟಾಗಿ ಸುರುಳಿ ಸುತ್ತಿ, ಸೀಟಿನ ಮೇಲೆ ಇಟ್ಟು ಹೋಗಿದ್ದ!

“ಕದ್ದದ್ದು ಕದ್ದ, ಸುರುಳಿ ಯಾಕ ಸುತ್ತಬೇಕಿತ್ತು?” ಎಂದು ಕಾಕಾ ಗುಡುಗಿದ. “ಇದು ಕಳವಲ್ಲ, ಅಪಮಾನ!”

ಎದುರಿನ ಹೋಟೆಲಿನವನು ಹೊರಗೆ ಬಂದ. ಅವನಿಗೆ ಕಾಕಾನಿಗಿಂತ ಹೆಚ್ಚು ಸಿಟ್ಟು. “ನಮ್ಮ ಊರಾಗ ಕಳ್ಳರಿಲ್ರಿ. ಅವಾ ಸಿಂದಗಿಯಿಂದ ನಿಮ್ಮ ಬೆನ್ನ ಹತ್ತಿ ಬಂದಿರಬೇಕು.” ಅಲ್ಲಿಯೇ ಚಹಾ ಕುಡಿಯುತ್ತಿದ್ದ ಸಿಂದಗಿಯವನೊಬ್ಬ ಬಟ್ಟಲು ಕೆಳಗಿಟ್ಟು, “ಏನಂದಿ?” ಎಂದು ಎದ್ದ. ನಮ್ಮ ಸಾಮಾನು ಹೋದದ್ದನ್ನು ಎಲ್ಲರೂ ಮರೆತು ಎರಡು ಊರುಗಳ ಮಾನ ಕಾಯುವುದರಲ್ಲಿ ತೊಡಗಿದರು. ಠಾಣೆಗೆ ಹೋದರೆ ಫೌಜದಾರರು ಹಳ್ಳಿಯ ಕಡೆ ಹೋಗಿದ್ದರು. ಅಲ್ಲಿದ್ದ ಪೊಲೀಸರು ನಾಳೆ ಮುಂಜಾನೆ ಬರ್ರಿ ಎಂದರು.

ಈ ಗದ್ದಲ ಮುಗಿಯುವ ಮೊದಲೇ ಕಾಕು ಗಾಡಿಯೊಳಗೆ ಹೋಗಿ ಕೂತಿದ್ದಳು. ಏಳು ವರ್ಷದ ಮೇಲೆ ತವರಿಗೆ ಹೋಗಲೆಂದು ಅವಳು ಆ ಟ್ರಂಕನ್ನು ಎಷ್ಟು ಸಲ ತೆಗೆದು ಎಷ್ಟು ಸಲ ತುಂಬಿದ್ದಳೆಂದು ನನಗೆ ಗೊತ್ತಿತ್ತು. ಈಗ ಮೈಮೇಲಿನ ಧೂಳು ಹಿಡಿದ ಸೀರೆಯೊಂದೇ. ದಾರಿಯುದ್ದಕ್ಕೂ ಅದರ ನಿರಿಗೆಗಳನ್ನು ಬೆರಳಿನಿಂದ ತೀಡುತ್ತ ಕೂತಿದ್ದಳು.

ಮುದ್ದೇಬಿಹಾಳದ ಮನೆಯ ಮುಂದೆ ಚಪ್ಪರ ಹಾಕಿದ್ದರು. ತಮ್ಮ ಓಡಿ ಬಂದು ಅಕ್ಕನ ಕೈಹಿಡಿದು ಇಳಿಸಿಕೊಂಡ. ಕಾಕಾ ಇಳಿಯಲಿಲ್ಲ. ಸಂಸಾರ ಹೋದರೂ ಮಾತು ಹೋಗಿಲ್ಲವಲ್ಲ! ಅಂಗಳದಲ್ಲಿ, ಚಪ್ಪರದ ಅಂಚಿನಲ್ಲಿ, ಮೋಟಾರಿನೊಳಗೇ ಕೂತ. ಕಾಕು ತಾಟು ತಂದಳು, ತಿರುಗಿ ಕಳಿಸಿದ. ಮದುಮಗಳು ಅರಿಷಿಣದ ಕೈಯಲ್ಲಿ ಚಹಾ ತಂದಳು, ಅವಳ ತಲೆ ಸವರಿ ಆಶೀರ್ವಾದ ಮಾಡಿ, ಚಹಾ ಒಲ್ಲೆನೆಂದ. ನೀರಡಿಕೆಯಾದಾಗ ಎಂಜಿನ್ನಿಗೆಂದು ಬಾಗೇವಾಡಿಯಲ್ಲಿ ತುಂಬಿದ್ದ ತಗಡಿನ ಡಬ್ಬಿಯ ನೀರನ್ನು ಎತ್ತಿ ಕುಡಿದ! ಅದರ ಮುಖ ನೋಡಿದರೆ ಎಂಜಿನ್ನೂ ಕುಡಿಯುವುದಕ್ಕೆ ಅನುಮಾನಿಸಬೇಕು. ಸೀಟಿನ ಮೇಲೇ ಮುದುಡಿಕೊಂಡು ಮಲಗಿದ.

ಮರುದಿನ ಮುಂಜಾನೆ ಠಾಣೆಗೆ ಹೊರಟಾಗ ನನ್ನನ್ನೂ ಕರೆದ. ಸೀರೆಯ ವಿವರ ಹೇಳಲು ಒಬ್ಬರು ಬೇಕಿತ್ತು. ಗಾಡಿ ಚಾಲೂ ಆಗುವಷ್ಟರಲ್ಲಿ ಕಾಕುವಿನ ತಮ್ಮ ಬಂದವನೇ ಮುಂದಿನ ಬಾಗಿಲು ತೆಗೆದು ಕಾಕಾನ ಪಕ್ಕದಲ್ಲಿ ಕೂತುಬಿಟ್ಟ. “ನಮ್ಮ ಅಕ್ಕನ ಟ್ರಂಕಿಗೆ ಕೈ ಹಚ್ಚಿದವನ ಮಾರಿ ನಾ ನೋಡಬೇಕು” ಎಂದು ಗಾಳಿಗೆ ಹೇಳಿದ. ಅವನ ಕಣ್ಣುಗಳು ಕೆಂಪಾಗಿದ್ದವು.

ಕಾಕಾ ಹಿಂದೆ ಕೂತ ನನಗೆ, “ಬಾಗಲಾ ಗಟ್ಟಿ ಜಗ್ಗಬೇಕಂತ ಹೇಳು ಅವಗ” ಎಂದ.

ತಮ್ಮ ನನಗೆ, “ಜಗ್ಗೇನಿ ಅಂತ ಹೇಳವಾ ಮಾಮಾಗ” ಎಂದ. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎನ್ನುತ್ತಾರೆ.

ಒಬ್ಬರ ಭುಜಕ್ಕೆ ಒಬ್ಬರ ಭುಜ ತಾಗಿಸಿಕೊಂಡು ಕೂತ ಇಬ್ಬರು ಗಂಡಸರ ಮಾತನ್ನು ಮುದ್ದೇಬಿಹಾಳದಿಂದ ಬಾಗೇವಾಡಿಯವರೆಗೆ ನಾನು ಹೀಗೆ ಮುಟ್ಟಿಸುತ್ತ ಹೋದೆ!

ಠಾಣೆಯಲ್ಲಿ ಫೌಜದಾರರು ಕಾಗದ ಎಳೆದುಕೊಂಡರು. “ಟ್ರಂಕಿನ್ಯಾಗ ಏನಿತ್ರಿ?”

“ಸೀರಿ.”

“ಯಾವ ಬಣ್ಣದ್ದು?”

ಕಾಕಾ ಸ್ವಲ್ಪ ಯೋಚಿಸಿ, “ಸೀರಿ ಬಣ್ಣದ್ದು” ಎಂದ. ಇಪ್ಪತ್ತು ವರ್ಷದ ಸಂಸಾರ! ನಾನು ಮುಂದೆ ಬಂದು ಕೆಂಪು ಸೆರಗಿನ ಇಳಕಲ್ಲು, ಹಸಿರು ರೇಷ್ಮೆ ಎಂದು ಒಂದೊಂದಾಗಿ ಬರೆಸಿದೆ.

“ಬ್ಯಾರೆ ಏನ ಹೋಗೇತ್ರಿ?”

ಇದಕ್ಕೆ ಕಾಕಾನಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಕೋರ್ಟಿನ ಗತ್ತಿನಲ್ಲಿ ಸ್ಟೋವ್, ಎಣ್ಣೆ, ಅಕ್ಕಿ, ಬೇಳೆ, ಕೊಡ, ಕೊಡದೊಳಗಿನ ನೀರು, ಹಾಸಿಗೆ, ಕುರ್ಚಿ ಎಂದು ಹೇಳುತ್ತ ಹೋದ. ಬರೆಯುತ್ತಿದ್ದ ಫೌಜದಾರರ ಕೈ ನಿಧಾನವಾಗಿ ನಿಂತಿತು.

“ಅಲ್ರಿ ವಕೀಲಸಾಹೇಬ್ರ, ನೀವು ಹೊಂಟಿದ್ದು ಹೆಂಡ್ತಿ ತವರಮನಿಗೆ ಅಂದ್ರಿ. ಅಲ್ಲಿ ಒಲಿ ಇಲ್ಲೇನ್ರಿ? ಕುಡ್ಯಾಕ ನೀರಿಲ್ಲೇನ್ರಿ? ಕೂಡಾಕ ಒಂದ ಚಾಪೀನೂ ಇಲ್ಲದ ಮನಿ ಏನ್ರಿ ಅದು?”

ಆ ಮನೆಯ ಯಜಮಾನ ಕಾಕಾನ ಪಕ್ಕದ ಬೆಂಚಿನಲ್ಲೇ ಕೂತಿದ್ದ. ನನಗೆ ನೆಲ ಬಿರಿದು ಒಳಗೆ ಹೋಗಬೇಕೆನಿಸಿತು. ಎಂಥೆಂಥ ಸಾಕ್ಷಿಗಳನ್ನು ತಬ್ಬಿಬ್ಬು ಮಾಡಿದ ನಮ್ಮ ಕಾಕಾ ಕಿವಿಯವರೆಗೆ ಕೆಂಪಾಗಿ ನೆಲ ನೋಡತೊಡಗಿದ.

“ನಾನ ತರಾಕ ಹೇಳಿದ್ದೆ ಸಾಹೇಬ್ರ,” ಎಂದ ಕಾಕುವಿನ ತಮ್ಮ.

ಫೌಜದಾರರು ಅವನ ಕಡೆ ತಿರುಗಿದರು.

“ಮದುವಿ ಮನಿ ನೋಡ್ರಿ, ಮಂದಿ ಭಾಳ. ಸ್ಟೋ ತರ್ರಿ, ಹಾಸಿಗಿ ತರ್ರಿ, ಇದ್ರ ಒಂದ ಕುರ್ಚಿ ತರ್ರಿ ಅಂತ ನಾನ ಮಾಮಾಗ ಕಾಗದಾ ಬರದಿದ್ದೆ.”

“ನೀರೂ?”

“ಹೌದ್ರಿ. ನಮ್ಮ ಬಾವಿ ನೀರು ಸವಳ.”

ಹಿಂದಿನ ಸಂಜೆ ನಾನು ಆ ಬಾವಿಯ ನೀರು ಕುಡಿದಿದ್ದೆ. ಅಷ್ಟು ಸಿಹಿ ನೀರನ್ನು ನಾನು ಎಲ್ಲಿಯೂ ಕುಡಿದಿರಲಿಲ್ಲ. ಮಗಳ ಮದುವೆಯ ಹೊತ್ತಿನಲ್ಲಿ, ಠಾಣೆಯಲ್ಲಿ ಕೂತು, ಇನ್ನೊಬ್ಬನ ಮಾನ ಉಳಿಸಲು ಆ ಮನುಷ್ಯ ತನ್ನ ಮನೆಯ ನೀರನ್ನೇ ಸವಳೆಂದು ಬರೆಸಿಬಿಟ್ಟ. ಕಾಕಾ ತಲೆಯೆತ್ತದೆ ಫಿರ್ಯಾದಿಗೆ ಸಹಿ ಹಾಕಿದ.

ಹೊರಗೆ ಬಂದು ಮೂವರೂ ಗಾಡಿಯಲ್ಲಿ ಕೂತೆವು. ಕಾಕಾ ಚಾಲೂ ಮಾಡಲಿಲ್ಲ. ಎರಡೂ ಕೈಗಳನ್ನು ಸ್ಟಿಯರಿಂಗ್ ಚಕ್ರದ ಮೇಲಿಟ್ಟು ಎದುರಿಗೆ ನೋಡುತ್ತ ಕೂತ. ನನಗೆ ಏನಾದರೂ ಹೇಳುತ್ತಾನೆ, ಮುಟ್ಟಿಸೋಣ ಎಂದು ನಾನು ಮುಂದಕ್ಕೆ ಬಾಗಿದೆ. ಅವನು ನನ್ನ ಕಡೆ ತಿರುಗಲಿಲ್ಲ.

“ನಿನ್ನಿಯಿಂದ ಏನೂ ತಿಂದಿಲ್ಲೋ ತಮ್ಮಾ,” ಎಂದ. ಸಣ್ಣ ಮಕ್ಕಳು ಸಾಲಿಯಿಂದ ಬಂದು ಅವ್ವನ ಮುಂದೆ ಹೇಳುವ ಹಾಗೆ.

“ನಾನೂ ತಿಂದಿಲ್ರಿ ಮಾಮಾ,” ಎಂದ ಅವನು. “ನೀವು ಅಂಗಳದಾಗ ಗಾಡ್ಯಾಗ ಕುಂತಿದ್ರಿ. ನನಗ ತುತ್ತ ಹೆಂಗ ಇಳೀಬೇಕು?”

ಕಾಕಾ ಕೈಚಾಚಿ, ತಮ್ಮನ ಕಡೆಯ ಬಾಗಿಲು ಗಟ್ಟಿಯಾಗಿ ಹಾಕಿದೆಯೋ ಇಲ್ಲವೋ ಎಂದು ತಾನೇ ಜಗ್ಗಿ ನೋಡಿದ.

“ನಡಿ,” ಎಂದ. “ನಿಮ್ಮಕ್ಕ ದಾರಿ ನೋಡಾಕತ್ತಿರಬೇಕು.”