ಸೂಜಿ ಹಾಕದ ಡಾಕ್ಟರು

ಬಂದ ರೋಗಿಗಳನ್ನು ವಾಪಸು ಓಡಿಸುವುದಕ್ಕೆಂದೇ ದವಾಖಾನೆ ತೆರೆದ ಡಾಕ್ಟರು ಶಿಡ್ಲಘಟ್ಟದಲ್ಲಿ ಒಬ್ಬರೇ ಒಬ್ಬರಿದ್ದರು. ಅವರು ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಗಂಡ! ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ.

ನಾನು ಹೆಚ್ಚು ಓದಿದವನಲ್ಲ. ಚಿಂತಾಮಣಿಯಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡಿ ಮೇಲೆ ಬಂದವನು. ಚೌಕಾಸಿಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದರೆ ಸಾಕು, ಎದುರಿನವನ ಮನಸ್ಸಿನಲ್ಲಿರುವ ಬೆಲೆ ನನ್ನ ಅಂಗೈಗೆ ಗೊತ್ತಾಗುತ್ತದೆ. ಗಿರಾಕಿ ಕೇಳಿದ್ದನ್ನು ಕೊಡಬೇಕು. ಕೊಡಲಾಗದಿದ್ದರೆ ಕೊಟ್ಟ ಹಾಗೆ ತೋರಿಸಬೇಕು. ಇಷ್ಟೇ ನನ್ನ ವಿದ್ಯೆ. ನೀವೂ ಬರೆದಿಟ್ಟುಕೊಳ್ಳಿ, ಎಲ್ಲಾದರೂ ಉಪಯೋಗಕ್ಕೆ ಬಂದೀತು. ಮದರಾಸಿಗೆ ಹೋಗಿ ಡಾಕ್ಟರಿಕೆ ಓದಿ ಬಂದ ನಮ್ಮ ಭಾವನಿಗೆ ಇಷ್ಟು ತಿಳಿಯಲಿಲ್ಲವಲ್ಲ!

ನಯಾಪೈಸೆ ಬಂದ ಹೊಸತರ ಮಾತು. ಪೆನಿಸಿಲಿನ್ನಿನ ಹೆಸರು ಹಳ್ಳಿಹಳ್ಳಿಗೂ ಮುಟ್ಟಿತ್ತು. ಸೂಜಿ ಚುಚ್ಚದವನು ಡಾಕ್ಟರೇ ಅಲ್ಲವೆಂದು ಜನ ತೀರ್ಮಾನಿಸಿ ಆಗಿತ್ತು. ಭಾವನ ದವಾಖಾನೆಯಲ್ಲಿ ದಿನವೂ ನಡೆಯುತ್ತಿದ್ದದ್ದು ಇದು:

"ನೆಗಡಿ ಸಾರ್. ಒಂದು ಸೂಜಿ ಹಾಕ್ಬಿಡಿ."

"ನೆಗಡಿಗೆ ಸೂಜಿ ಬೇಡಪ್ಪ. ಬಿಸಿನೀರು ಕುಡಿದು ಮಲಕ್ಕೋ."

"ಬಿಸಿನೀರು ನಮ್ಮನೇಲೇ ಐತಲ್ಲ ಸಾರ್! ಅದಕ್ಕೆ ಕೆಂಚಾರ್ಲಹಳ್ಳಿಯಿಂದ ನಾನ್ಯಾಕೆ ಬಂದೆ?"

"ಅದನ್ನೇ ನಾನೂ ಯೋಚನೆ ಮಾಡ್ತಿದೀನಿ."

ಹೀಗೆ ಮಾತಾಡಿದರೆ ಯಾವ ಗಿರಾಕಿ ಉಳಿಯುತ್ತಾನೆ ಸ್ವಾಮಿ? ಪಕ್ಕದ ಬೀದಿಯಲ್ಲಿ ಡಾಕ್ಟರಿಕೆಯ ಗಂಧವೂ ಇಲ್ಲದ ಮಹಾಶಯನೊಬ್ಬ ಅಂಗಡಿ ಇಟ್ಟಿದ್ದ. ಕಾಲು ಉಳುಕಿದರೂ ಸೂಜಿ, ಕನಸು ಬಿದ್ದರೂ ಸೂಜಿ. ರೋಗಿಯ ಜೊತೆಗೆ ಸುಮ್ಮನೆ ಬಂದವನಿಗೂ ಒಂದು ಸೂಜಿ! ಅವನ ಜಗುಲಿ ತುಂಬಿ ತುಳುಕುತ್ತಿತ್ತು. ಭಾವನ ಬೆಂಚಿನ ಮೇಲೆ ಬೆಕ್ಕು ಮಲಗುತ್ತಿತ್ತು.

ಕೊನೆಗೆ ಅಕ್ಕ ನನಗೆ ಹೇಳಿಕಳಿಸಿದಳು.

"ನೋಡೋ, ಇನ್ನೊಂದು ತಿಂಗಳು ಹೀಗೇ ಆದ್ರೆ ದವಾಖಾನೆ ಮುಚ್ಚಬೇಕು ಕಣೋ. ನಾಳೆ ಫಿಲೇಚರ್ ಯಜಮಾನ್ರು ಬರ್ತಾರಂತೆ. ಅವರು ಒಲಿದ್ರೆ ಅವರ ಕಾರ್ಖಾನೇಲಿ ರೇಷ್ಮೆ ನೂಲು ತೆಗೆಯೋ ಕೆಲಸದೋರೆಲ್ಲ ಇಲ್ಲಿಗೇ ಬರ್ತಾರೆ. ನಿಮ್ಮ ಭಾವನಿಗೆ ಸ್ವಲ್ಪ ಬುದ್ಧಿ ಹೇಳಪ್ಪ."

ಬುದ್ಧಿ ಹೇಳುವುದೆಂದರೆ ನನಗೆ ಹಬ್ಬ. ರಾತ್ರಿ ಊಟಕ್ಕೆ ಕೂತಾಗ ಶುರುಮಾಡಿದೆ.

"ಭಾವ, ಬರೀ ನೀರು ತುಂಬಿ ಚುಚ್ಚಿಬಿಡಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲಪ್ಪ" ಎಂದು ಭಾವ ಮುದ್ದೆ ಮುರಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಮನೆಯವರನ್ನು ಬೀದಿಗೆ ತಂದು ನಿಲ್ಲಿಸುವ ಈ ಪ್ರಾಮಾಣಿಕತೆ ಯಾವ ಸಂತೆಯಲ್ಲಿ ಮಾರುತ್ತದೆ?

ಮರುದಿನ ಬೆಳಿಗ್ಗೆ ಯಜಮಾನರು ಬಂದರು. ಕಾರಿನಲ್ಲಿ! ಕಾರು ನೋಡಲೆಂದೇ ಹತ್ತು ಜನ ಸೇರಿದರು. ಯಜಮಾನರ ರೋಗವೋ, ಎರಡು ದಿನದ ನೆಗಡಿ. ನಾನೇ ಬೆಂಚು ಒರೆಸಿ ಕೂರಿಸಿ, "ಈಗ ಹಾಕ್ತಾರೆ ಸೂಜಿ" ಎಂದು ಭರವಸೆ ಕೊಟ್ಟೆ.

ಅಷ್ಟರಲ್ಲಿ ಎತ್ತಿನ ಗಾಡಿಯೊಂದು ಬಂದು ನಿಂತಿತು. ಹುಲ್ಲಿನ ಮೇಲೆ ಒಬ್ಬ ರೈತ ಮಲಗಿದ್ದ. ಎರಡು ದಿನದಿಂದ ಹೊಟ್ಟೆನೋವೆಂದು ಒದ್ದಾಡಿದವನು ಈಗ ಸದ್ದಿಲ್ಲದೆ ಬಿದ್ದುಕೊಂಡಿದ್ದ. ಅವನ ಹೆಂಡತಿ ಒಳಗೆ ಇಣುಕಿ, ಕಾರು, ಜನ ಎಲ್ಲ ನೋಡಿ, ತೆಲುಗು ಬೆರೆಸಿ ಅಂದಳು:

"ನೊಪ್ಪಿ ತಗ್ಗಿಂದಿ ಸಾಮೀ. ದಾರೀಲೇ ನೋವು ನಿಂತೋಯ್ತು. ನಿಮಗ್ಯಾಕೆ ತೊಂದರೆ, ಊರಿಗೆ ವಾಪಸ್ ಹೋಗ್ತೀವಿ."

"ಒಳ್ಳೇದಾಯ್ತಮ್ಮ, ಹೋಗ್ಬನ್ನಿ" ಎಂದೆ ನಾನು. ಹೌದು, ನಾನೇ ಎಂದೆ!

ಭಾವ ಯಜಮಾನರ ಕೈನಾಡಿ ಬಿಟ್ಟು ಗಾಡಿಗೆ ಹಾರಿದರು. ರೈತನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಅದು ಹಲಗೆಯಂತೆ ಬಿಗಿದಿತ್ತು.

"ನೋವು ವಾಸಿಯಾಗಿ ನಿಂತಿಲ್ಲಮ್ಮ, ಒಳಗೆ ಕರುಳು ಒಡೆದು ನಿಂತಿದೆ. ಈಗಲೇ ಬೆಂಗಳೂರಿಗೆ ಒಯ್ದು ಆಪರೇಷನ್ ಮಾಡಿಸ್ಬೇಕು. ಬಸ್ಸು ಕಾಯೋಕಾಗಲ್ಲ." ಯಜಮಾನರ ಕಡೆ ತಿರುಗಿದರು. "ನಿಮ್ಮ ಕಾರು ಬೇಕು."

ಯಜಮಾನರು ಕಾಲ ಮೇಲೆ ಕಾಲು ಹಾಕಿದರು. "ಮೊದಲು ಬಂದೋನು ನಾನು ಡಾಕ್ಟ್ರೇ. ನನಗೆ ಸೂಜಿ ಹಾಕಿ, ಆಮೇಲೆ ಕಾರಿನ ವಿಷಯ ನೋಡಣ."

ಆಹಾ! ಟವೆಲ್ಲೂ ಬೇಡ, ಬೆರಳೂ ಬೇಡ, ಇದಕ್ಕಿಂತ ಸಲೀಸಾದ ವ್ಯಾಪಾರ ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಒಂದು ಸೂಜಿಗೆ ಒಂದು ಕಾರು, ಜೊತೆಗೆ ಇಡೀ ಫಿಲೇಚರಿನ ಗಿರಾಕಿಗಳು! "ಹಾಕಿ ಭಾವ, ನಿಮ್ಮ ದಮ್ಮಯ್ಯ!" ಎಂದು ಕಿವಿಯಲ್ಲಿ ಉಸುರಿದೆ.

"ಸೂಜಿ ಕುದಿಸೋಕೆ ಇಪ್ಪತ್ತು ನಿಮಿಷ ಬೇಕು ಯಜಮಾನ್ರೇ" ಎಂದರು ಭಾವ. "ಅಷ್ಟು ಹೊತ್ತು ಇವನ ಹತ್ರ ಇಲ್ಲ."

ಹಾಗೆಂದವರೇ ಎಲ್ಲರೆದುರು ಮೊಣಕಾಲೂರಿ ಯಜಮಾನರ ಎರಡೂ ಪಾದ ಹಿಡಿದುಕೊಂಡರು.

ತನಗಿಂತ ಹತ್ತು ವರ್ಷ ಚಿಕ್ಕವನ ಪಾದ! ಸಿಟ್ಟಿನಿಂದ ನನ್ನ ಕಣ್ಣು ಕತ್ತಲಿಟ್ಟಿತು. ಯಾರ ಮೇಲೆ ಸಿಟ್ಟೆಂದು ಕೇಳಬೇಡಿ. ಕಾಲ ಮೇಲೆ ಕಾಲು ಹಾಕಿ ಕೂತವನ ಮೇಲೋ, ಅವನಿಗೆ ಬೆಂಚು ಒರೆಸಿಕೊಟ್ಟ ನನ್ನ ಮೇಲೋ ನನಗೇ ತಿಳಿಯಲಿಲ್ಲ.

"ಅಯ್ಯಯ್ಯೋ, ಏಳಿ ಡಾಕ್ಟ್ರೇ, ಏನಿದು!" ಎಂದು ಯಜಮಾನರು ಗಾಬರಿಯಿಂದ ಎದ್ದರು. ಡ್ರೈವರನನ್ನು ಕೂಗಿದರು. ರೈತನ ಹೆಂಡತಿಯನ್ನು ಮುಂದೆ ಕೂರಿಸಿ, ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಭಾವನೂ ಹೊರಟುಹೋದರು. ಯಜಮಾನರು ಮೂಗು ಸೀಟುತ್ತ ಪಕ್ಕದ ಬೀದಿಗೆ ನಡೆದರು. ಅವರ ಹಿಂದೆ ಹತ್ತು ಜನರೂ.

ಒಳಗೆ ಬಾಗಿಲ ಸಂದಿಯಿಂದ ಅಕ್ಕ ಎಲ್ಲವನ್ನೂ ನೋಡಿದ್ದಳು.

ಮರುದಿನ ಸಂಜೆಯ ಬಸ್ಸಿನಲ್ಲಿ ಭಾವ ಇಳಿದರು. ನಿನ್ನೆಯ ಅಂಗಿಯೇ. ಪಂಚೆಯ ಮೊಣಕಾಲಿನ ಬಳಿ ಇನ್ನೂ ಮಣ್ಣು.

"ಏನಾಯ್ತು ಭಾವ?"

"ಬೆಳಿಗ್ಗೆ ಕಣ್ಣುಬಿಟ್ಟ. ರಾಗಿಗಂಜಿ ಬೇಕು ಅಂದ. ನಾಲ್ಕು ದಿನ ಕೊಡಬೇಡಿ ಅಂತ ಹೇಳಿ ಬಂದೆ." ಬಸವಳಿದ ಮುಖದಲ್ಲೇ ನಕ್ಕರು. "ನೀನು ಅಂಗಡಿ ಬಿಟ್ಟು ಇನ್ನೂ ಇಲ್ಲೇ ಇದೀಯಲ್ಲ. ಏನೋ ಬುದ್ಧಿ ಹೇಳೋದು ಬಾಕಿ ಇತ್ತೇನಪ್ಪ?"

ಅವರ ಕೈಯಿಂದ ಔಷಧದ ಚೀಲ ತೆಗೆದುಕೊಂಡೆ. ಬಗ್ಗಿ, ಪಂಚೆಯ ಮಣ್ಣು ಕೊಡವಿದೆ. ಮನೆಯವರೆಗೂ ಒಂದು ಹೆಜ್ಜೆ ಹಿಂದೆಯೇ ನಡೆದೆ.